ಕಛೇರಿ ಇಲ್ಲದ ದಿನಗಳಲ್ಲಿ

ಸಂಗೀತ ಸಭೆಯ ಆಹ್ವಾನಪತ್ರಿಕೆಯನ್ನು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳ ಸಾಲನ್ನು ದಾಟಿ ಕೆಳಗಿಳಿದರೆ ಕಲಾವಿದರ ಪಟ್ಟಿ ಸಿಗುತ್ತದೆ. ಸಂಜೆ ಐದಕ್ಕೆ ಕುಮಾರಿಯೋ ಚಿರಂಜೀವಿಯೋ ಆದ ಒಂದು ಹೆಸರು. ಆರೂಮುಕ್ಕಾಲಿಗೆ ದಪ್ಪ ಅಕ್ಷರದಲ್ಲಿ ಇನ್ನೊಂದು, ಅದರ ಮುಂದೆ ವಿದ್ವಾನ್ ಅಥವಾ ವಿದುಷಿ. ಆ ಹೆಸರಿನ ಕೆಳಗೆ ಪಿಟೀಲು, ಮೃದಂಗ, ಘಟ ಎಂದು ಪಕ್ಕವಾದ್ಯದವರು ಸಣ್ಣ ಅಕ್ಷರದಲ್ಲಿ. ತಂಬೂರಿ ಮೀಟುವವರ ಹೆಸರು ಅಚ್ಚಾಗುವುದು ಬಹಳ ಅಪರೂಪ. ಐದು ಗಂಟೆಯ ಜಾಗದಿಂದ ಆರೂಮುಕ್ಕಾಲಿನ ಜಾಗಕ್ಕೆ ಬರಲು ಹತ್ತು ಹದಿನೈದು ವರ್ಷ ಸವೆಸಿದವರಿದ್ದಾರೆ. ಅಲ್ಲಿಗೆ ಬಾರದೆಯೇ ಉಳಿದವರು ಅದಕ್ಕಿಂತ ಹೆಚ್ಚು.

ಕಛೇರಿ ಎಂದರೆ ಎರಡೂವರೆ ಗಂಟೆಯ ಮಾತು. ವರ್ಷಕ್ಕೆ ಐವತ್ತು ಕಛೇರಿ ಸಿಕ್ಕರೆ ಅದೃಷ್ಟವಂತರು ಎನ್ನಬೇಕು. ಉಳಿದ ಮುನ್ನೂರು ಚಿಲ್ಲರೆ ದಿನಗಳಲ್ಲಿ ಸಾಧನೆ ಮಾಡಬೇಕು, ಪಾಠ ಹೇಳಬೇಕು, ಮನೆ ಬಾಡಿಗೆ ಕಟ್ಟಬೇಕು, ಗಂಟಲು ಕೆಟ್ಟರೆ ವೈದ್ಯರಿಗೆ ಹಣ ತೆರಬೇಕು. ಸಂಗೀತ ಸಂಸ್ಥೆಗಳ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ನೋಡುವುದು ವೇದಿಕೆಯನ್ನು, ಬಿರುದನ್ನು, ಶಾಲನ್ನು. ಕಛೇರಿ ಇಲ್ಲದ ಆ ದಿನಗಳಲ್ಲಿ ಒಂದು ಸಂಸ್ಥೆ ಕಲಾವಿದರಿಗೆ ಏನಾಗಿರುತ್ತದೆ ಎಂದು ಕೇಳುವವರು ಕಡಿಮೆ.

ಅರಮನೆಯ ಕಾಲದಲ್ಲಿ ಇದಕ್ಕೆ ಒಂದು ಉತ್ತರವಿತ್ತು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮುತ್ತಯ್ಯ ಭಾಗವತರು, ಮೈಸೂರು ವಾಸುದೇವಾಚಾರ್ಯರು ಮೈಸೂರು ಆಸ್ಥಾನದ ವಿದ್ವಾಂಸರು. ಹಾಡಲಿ ಬಿಡಲಿ, ಅರಮನೆಯ ಪೋಷಣೆ ನಿಲ್ಲುತ್ತಿರಲಿಲ್ಲ. ಆದರೆ ಆ ಬಾಗಿಲು ಬೆರಳೆಣಿಕೆಯ ಜನಕ್ಕಷ್ಟೇ ತೆರೆದಿತ್ತು. ಬಿಡಾರಂ ಕೃಷ್ಣಪ್ಪನವರಿಗೇ ಅರಮನೆಯ ಆಚೆಗೂ ಸಂಗೀತಕ್ಕೊಂದು ಜಾಗ ಬೇಕು ಅನ್ನಿಸಿರಬೇಕು. ಮೈಸೂರಿನಲ್ಲಿ ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಊರಿನ ಕಛೇರಿಗಳ ತಾಣವಾಯಿತು. ಅವರ ಶಿಷ್ಯ ಟಿ. ಚೌಡಯ್ಯನವರ ಪಿಟೀಲಿಗೆ ಮುಂದೆ ದೇಶವೆಲ್ಲ ಕಿವಿಗೊಟ್ಟಿತು.

ಬೆಂಗಳೂರಿನಲ್ಲಿ ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಎಸ್.ವಿ. ನಾರಾಯಣಸ್ವಾಮಿ ರಾವ್ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯನ್ನು ಆರಂಭಿಸಿದ್ದು 1939ರಲ್ಲಿ. ಮರುವರ್ಷವೇ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಅರಮನೆಯ ಹೊಣೆ ನಿಧಾನವಾಗಿ ಊರಿನವರ ಹೆಗಲಿಗೆ ಬಂದ ಕಾಲ ಅದು. ಒಬ್ಬ ಮಹಾರಾಜರ ಬದಲು ಸದಸ್ಯತ್ವದ ಹಣ ಕಟ್ಟುವ ನೂರಾರು ಗುಮಾಸ್ತರು, ಮೇಷ್ಟ್ರುಗಳು, ವಕೀಲರು, ಅಂಗಡಿ ಮಾಲೀಕರು. ಅದರ ಜೊತೆಗೆ ಟಿಕೇಟು, ದಾನಿಗಳ ವಂತಿಗೆ, ಸ್ಮರಣ ಸಂಚಿಕೆಗೆ ಹಿಡಿದ ಜಾಹೀರಾತು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಮಂಡಳಿ ಹಾಕಿಸುತ್ತಿದ್ದ ಚಪ್ಪರದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದಾಗ ಒಳಗೆ ಕುಳಿತವರಷ್ಟೇ ಜನ ಹೊರಗೆ ರಸ್ತೆಯಲ್ಲಿ ನಿಂತು ಕೇಳುತ್ತಿದ್ದರು ಎಂಬುದನ್ನು ಹಳೆಯ ಬೆಂಗಳೂರಿನವರು ಇಂದಿಗೂ ಹೇಳುತ್ತಾರೆ. ಸಭೆ ಎಂಬ ವ್ಯವಸ್ಥೆಯ ದೊಡ್ಡಸ್ತಿಕೆ ಇದೇ: ರಾಜಾಶ್ರಯ ಹೋದರೂ ಸಂಗೀತ ಬೀದಿಗೆ ಬೀಳಲಿಲ್ಲ, ಬೀದಿಯ ಜನರೇ ಅದನ್ನು ಎತ್ತಿಕೊಂಡರು.

ಕಳೆದುಕೊಂಡದ್ದೂ ಇದೆ. ಅರಮನೆ ಕೊಡುತ್ತಿದ್ದುದು ಸಂಬಳ, ಸಭೆ ಕೊಡುವುದು ಸಂಭಾವನೆ. ಸಂಬಳ ತಿಂಗಳು ತಿಂಗಳು ಬರುತ್ತದೆ, ಸಂಭಾವನೆ ಕರೆದರೆ ಮಾತ್ರ.

ಕರ್ನಾಟಕ ಸಂಗೀತದ ಮಟ್ಟಿಗೆ ಎಲ್ಲ ಸಭೆಗಳಿಗೂ ಮೇಲ್ಪಂಕ್ತಿ ಹಾಕಿದ್ದು ಮದರಾಸಿನ ಮ್ಯೂಸಿಕ್ ಅಕಾಡೆಮಿ. 1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಜೊತೆಯಲ್ಲೇ ಅಖಿಲ ಭಾರತ ಸಂಗೀತ ಸಮ್ಮೇಳನವೂ ನಡೆಯಿತು. ಅಲ್ಲಿ ಆದ ತೀರ್ಮಾನದಂತೆ 1928ರ ಆಗಸ್ಟಿನಲ್ಲಿ ಅಕಾಡೆಮಿ ಉದ್ಘಾಟನೆಯಾಯಿತು. ಮೊದಲ ಅಧ್ಯಕ್ಷರು ಡಾ. ಯು. ರಾಮರಾವ್, ವೃತ್ತಿಯಿಂದ ವೈದ್ಯರು. ಬರೀ ಕಛೇರಿ ನಡೆಸಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ಸಭೆ ಆಗುತ್ತಿತ್ತು. ಬೆಳಗಿನ ಹೊತ್ತು ವಿದ್ವಾಂಸರು ಕೂತು ರಾಗಲಕ್ಷಣ ಚರ್ಚಿಸುವುದು, ಪ್ರಾತ್ಯಕ್ಷಿಕೆ ಕೊಡುವುದು, ಒಬ್ಬರ ಪಾಠಾಂತರವನ್ನು ಇನ್ನೊಬ್ಬರು ಪ್ರಶ್ನಿಸುವುದು ಅಲ್ಲಿ ರೂಢಿಯಾಯಿತು. ಸಮ್ಮೇಳನದ ಅಧ್ಯಕ್ಷತೆ ವಹಿಸಿದವರಿಗೆ ಸಂಗೀತ ಕಲಾನಿಧಿ ಬಿರುದು. ಚೌಡಯ್ಯನವರಿಗೆ 1957ರಲ್ಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರಿಗೆ 1984ರಲ್ಲಿ, ಆರ್.ಕೆ. ಶ್ರೀಕಂಠನ್ ಅವರಿಗೆ 1995ರಲ್ಲಿ ಅದು ಸಂದಿತು. ಬಿರುದಿನ ಹಿಂದೆಯೇ ಬೇರೆ ಊರಿನ ಕರೆ, ಹೆಚ್ಚಿದ ಸಂಭಾವನೆ, ಪಾಠಕ್ಕೆ ಬರುವ ಶಿಷ್ಯರು ಎಲ್ಲವೂ ಬರುತ್ತವೆ. ಹೀಗಾಗಿ ಬಿರುದಿನ ಸುತ್ತ ಇಷ್ಟು ಜಗಳ.

ಅಕಾಡೆಮಿಯ ವೇಳಾಪಟ್ಟಿಯೂ ಒಂದು ಏಣಿ. ಮಧ್ಯಾಹ್ನದ ಕಛೇರಿ ಕಿರಿಯರಿಗೆ, ಸಂಜೆಯ ಹೊತ್ತು ಹಿರಿಯರಿಗೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೇಳಲು ಬರುವವರು ನಿಜವಾಗಿ ಕೇಳಲೆಂದೇ ಬಂದವರು. ಆ ಗುಂಪಿನಲ್ಲಿ ವಿಮರ್ಶಕರು, ಬೇರೆ ಸಭೆಗಳ ಕಾರ್ಯದರ್ಶಿಗಳು, ಒಬ್ಬಿಬ್ಬರು ಹಿರಿಯ ವಿದ್ವಾಂಸರು ಇರುತ್ತಾರೆ. ಸಂಭಾವನೆ ಹೆಸರಿಗೆ ಮಾತ್ರ, ಕೆಲವು ಸಭೆಗಳಲ್ಲಿ ಅದೂ ಇಲ್ಲ. ಪಕ್ಕವಾದ್ಯದವರಿಗೆ ಕಿರಿಯ ಗಾಯಕರೇ ಕೈಯಿಂದ ಹಣ ಕೊಡುವ ಪ್ರಸಂಗಗಳೂ ಗುಟ್ಟಾಗೇನೂ ಉಳಿದಿಲ್ಲ. ಡಿಸೆಂಬರಿನಲ್ಲಿ ಹಾಡಲು ಅವಕಾಶಕ್ಕಾಗಿ ಅನುಕೂಲಸ್ಥರ ಮಕ್ಕಳು ದೇಣಿಗೆ ಕೊಡುತ್ತಾರೆಂಬ ಆಕ್ಷೇಪ ಚೆನ್ನೈಯಲ್ಲಿ ಎಷ್ಟೋ ವರ್ಷಗಳಿಂದ ಕೇಳಿಬರುತ್ತಿದೆ. ಅವಕಾಶವೇ ಸಂಭಾವನೆ ಎಂಬ ವಾದ ಹದಿನೆಂಟರ ಹುಡುಗನಿಗೆ ಒಪ್ಪಬಹುದು. ಮೂವತ್ತು ದಾಟಿದ, ಮನೆ ನಡೆಸಬೇಕಾದ ಕಲಾವಿದೆಗೆ ಅದನ್ನೇ ಹೇಳುವುದು ಹೇಗೆ?

ಕಿರಿಯರು ಮತ್ತು ಹಿರಿಯರು ಇಬ್ಬರನ್ನೂ ಒಂದೇ ಸೂರಿನಡಿ ನೋಡಿಕೊಳ್ಳುವ ಪ್ರಯತ್ನವನ್ನು ಬೆಂಗಳೂರಿನ ಕರ್ನಾಟಕ ಗಾನಕಲಾ ಪರಿಷತ್ತು ಮಾಡಿದೆ. ವರ್ಷಕ್ಕೊಮ್ಮೆ ಹಿರಿಯ ವಿದ್ವಾಂಸರ ಸಮ್ಮೇಳನ, ಅದರ ಅಧ್ಯಕ್ಷರಿಗೆ ಗಾನಕಲಾಭೂಷಣ. ಯುವ ಕಲಾವಿದರಿಗೆಂದೇ ಬೇರೆ ಸಮ್ಮೇಳನ, ಅದರ ಅಧ್ಯಕ್ಷತೆ ವಹಿಸುವ ಯುವ ವಿದ್ವಾಂಸರಿಗೆ ಗಾನಕಲಾಶ್ರೀ. ಎರಡನೆಯದು ಮೇಲುನೋಟಕ್ಕೆ ಮೊದಲನೆಯದರ ಮರಿಯಂತೆ ಕಂಡರೂ ಅದರ ಪ್ರಯೋಜನ ಬೇರೆ. ಹಿರಿಯರ ಎದುರು ಪ್ರಬಂಧ ಮಂಡಿಸಿ, ಪ್ರಶ್ನೆಗೆ ಉತ್ತರ ಹೇಳಿ, ಸಾಧ್ಯವಾಗದಿದ್ದರೆ ತಲೆ ತಗ್ಗಿಸಿ ಕೂರುವ ಅನುಭವ ಕಛೇರಿಯಲ್ಲಿ ಸಿಗುವುದಿಲ್ಲ. ಕಛೇರಿಯಲ್ಲಿ ಚಪ್ಪಾಳೆ ತಟ್ಟುವವರು ಹೆಚ್ಚು, ಎದುರು ಕೇಳುವವರು ಇಲ್ಲವೇ ಇಲ್ಲ.

ಪಕ್ಕವಾದ್ಯದವರ ಸಂಗತಿಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಗಾಯಕರ ಹೆಸರಿನಲ್ಲಿ ಟಿಕೇಟು ಮಾರಾಟವಾಗುವುದರಿಂದ ಸಂಭಾವನೆಯ ಸಿಂಹಪಾಲು ಅವರಿಗೆ ಎಂಬುದು ಲೆಕ್ಕಾಚಾರದ ಮಾತು. ಆದರೆ ಒಬ್ಬ ಮೃದಂಗ ವಾದಕ ಎಷ್ಟೇ ಬೆಳೆದರೂ ಪತ್ರಿಕೆಯ ಎರಡನೆಯ ಸಾಲಿನಲ್ಲೇ ಉಳಿಯಬೇಕೆಂಬುದು ಯಾವ ನ್ಯಾಯ? ಇದನ್ನೇ ಹಿಡಿದು ಮೃದಂಗ ವಿದ್ವಾಂಸರಾದ ಬೆಂಗಳೂರು ಕೆ. ವೆಂಕಟರಾಂ ಅವರು ಪರ್ಕಸಿವ್ ಆರ್ಟ್ಸ್ ಸೆಂಟರ್ ಕಟ್ಟಿದರು. ತಾಳವಾದ್ಯವೇ ಮುಖ್ಯವಾದ ಕಾರ್ಯಕ್ರಮ, ಲಯದ ಬಗ್ಗೆಯೇ ವಿಚಾರಗೋಷ್ಠಿ, ಘಟ, ಖಂಜಿರ, ಮೋರ್ಸಿಂಗ್ ನುಡಿಸುವವರಿಗೆ ಅವರದೇ ಹೆಸರಿನ ಮನ್ನಣೆ. ಸಂಸ್ಥೆ ದೊಡ್ಡದಲ್ಲ; ಅದು ಎತ್ತಿದ ಪ್ರಶ್ನೆ ದೊಡ್ಡದು.

ಚೆನ್ನೈಯಲ್ಲಿ 1985ರಲ್ಲಿ ಇನ್ನೊಂದು ಬಗೆಯ ಸಂಸ್ಥೆ ಹುಟ್ಟಿತು. ಅದರ ಪದಾಧಿಕಾರಿಗಳಲ್ಲಿ ನಿವೃತ್ತ ಅಧಿಕಾರಿಗಳಿರಲಿಲ್ಲ, ಉದ್ಯಮಿಗಳಿರಲಿಲ್ಲ. ಹಾಡುವ, ನುಡಿಸುವ ಹುಡುಗರೇ ಸೇರಿ ಯೂತ್ ಅಸೋಸಿಯೇಷನ್ ಫಾರ್ ಕ್ಲಾಸಿಕಲ್ ಮ್ಯೂಸಿಕ್ ಎಂದು ಹೆಸರಿಟ್ಟುಕೊಂಡರು. ವಿಜಯ್ ಶಿವ, ಸಂಜಯ್ ಸುಬ್ರಹ್ಮಣ್ಯನ್ ಅದರಲ್ಲಿದ್ದರು, ಆಮೇಲೆ ಟಿ.ಎಂ. ಕೃಷ್ಣ ಬಂದರು. ಒಬ್ಬರ ಕಛೇರಿಯನ್ನು ಇನ್ನೊಬ್ಬರು ಏರ್ಪಡಿಸುವುದು, ಶಾಲೆ ಕಾಲೇಜುಗಳಿಗೆ ಹೋಗಿ ಹಾಡುವುದು, ಹಿರಿಯರನ್ನು ಕರೆಸಿ ಪಾಠ ಕೇಳುವುದು ಅವರ ಕೆಲಸ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆ ಗುಂಪಿನ ಹಲವರು ಮುಖ್ಯ ವೇದಿಕೆಗೆ ಬಂದರು. ಕರೆಗೆ ಕಾಯದೆ ತಾವೇ ವೇದಿಕೆ ಹಾಕಿಕೊಂಡ ಪೀಳಿಗೆ ಅದು. ಕಲಾವಿದರೇ ನಡೆಸುವ ಇಂಥ ಸಂಸ್ಥೆಗಳು ನಮ್ಮಲ್ಲಿ ಯಾಕೆ ಹೆಚ್ಚಾಗಲಿಲ್ಲ ಎಂಬುದಕ್ಕೆ ಸುಲಭದ ಕಾರಣ ಒಂದಿದೆ: ಹಾಡಲು ಅವಕಾಶ ಕೊಡುವವರ ಬಳಿ ಹಕ್ಕಿನ ಮಾತಾಡುವುದು ಯಾರಿಗೂ ಸಲೀಸಲ್ಲ.

ತುಂಗಭದ್ರೆಯ ಆಚೆ ಬಂದರೆ ಚಿತ್ರ ಬೇರೆ. ಅಲ್ಲಿ ಕಲಾವಿದರನ್ನು ರೂಪಿಸಿದ್ದು ಸಭೆಗಳಿಗಿಂತ ಹೆಚ್ಚಾಗಿ ಮಠ, ಆಶ್ರಮ, ವಾಡೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅದರಲ್ಲಿ ಮೊದಲು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಬೆಳೆಸಿದರು; ಗವಾಯಿಗಳು ತಮ್ಮಂತೆಯೇ ಕಣ್ಣಿಲ್ಲದ, ಮನೆಯಲ್ಲಿ ಉಣ್ಣಲಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು ಸಂಗೀತ ಕಲಿಸಿದರು. ಅನ್ನ, ವಸತಿ, ಪಾಠ ಎಲ್ಲ ಪುಕ್ಕಟೆ. ಅದಕ್ಕೆ ಹಣ ಎಲ್ಲಿಂದ? ಭಕ್ತರ ಕಾಣಿಕೆ ಒಂದು ಕಡೆ, ಆಶ್ರಮದ್ದೇ ಆದ ನಾಟಕ ಕಂಪನಿ ಇನ್ನೊಂದು ಕಡೆ. ಊರೂರು ತಿರುಗಿ ನಾಟಕ ಆಡಿ ಬಂದ ಗಲ್ಲಾ ಪೆಟ್ಟಿಗೆಯ ಹಣದಲ್ಲಿ ಮಕ್ಕಳ ಊಟ ನಡೆಯಿತು. ಆ ಮಕ್ಕಳಿಗೆ ನಾಟಕದಲ್ಲಿ ಹಾಡುವ, ಬಾರಿಸುವ ಉದ್ಯೋಗವೂ ಸಿಕ್ಕಿತು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಹೋದ ಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಪಳಗಿದವರು, ವೆಂಕಟೇಶಕುಮಾರ್ ಪುಟ್ಟರಾಜರ ಕೈಯಲ್ಲಿ. ಇಂಥ ಹೆಸರುಗಳಿಂದ ಆಶ್ರಮಕ್ಕೆ ಕೀರ್ತಿ ಬಂದದ್ದು ನಿಜ. ಹೆಸರಾಗದ ನೂರಾರು ಜನ ಹಳ್ಳಿಗಳಲ್ಲಿ ಪೆಟ್ಟಿಗೆ ಹಿಡಿದು, ಪುರಾಣ ಪ್ರವಚನಕ್ಕೆ ತಬಲಾ ಬಾರಿಸಿ, ಶಾಲೆಗಳಲ್ಲಿ ಸಂಗೀತ ಹೇಳಿ ಯಾರ ಹಂಗಿಗೂ ಬೀಳದೆ ಬದುಕಿದ್ದು ಅದಕ್ಕಿಂತ ದೊಡ್ಡ ಸಾಧನೆ ಅನ್ನಿಸುತ್ತದೆ. ಸಂಗೀತ ಸಂಸ್ಥೆಯ ಯಶಸ್ಸನ್ನು ಅದು ಕೊಟ್ಟ ಅತಿ ದೊಡ್ಡ ಗಾಯಕನಿಂದ ಅಳೆಯುವ ನಮ್ಮ ಅಭ್ಯಾಸಕ್ಕೆ ಗದಗ ಒಂದು ಒಳ್ಳೆಯ ತಕರಾರು.

ಕುಂದಗೋಳದ ನಾಡಗೀರ ವಾಡೆ ಇನ್ನೊಂದು ಬಗೆ. ಸವಾಯಿ ಗಂಧರ್ವರ ಊರು ಅದು; ಅವರ ನೆನಪಿನ ಸಂಗೀತೋತ್ಸವದಲ್ಲಿ ಇಂದಿಗೂ ಕಿರಿಯರು, ಹಿರಿಯರು ಒಂದೇ ಜಮಖಾನೆಯ ಮೇಲೆ ರಾತ್ರಿಯಿಡೀ ಹಾಡುತ್ತಾರೆ. ಅದೇ ಗುರುವಿನ ಹೆಸರಿನಲ್ಲಿ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ಬೆಳೆದು ದೇಶದ ದೊಡ್ಡ ಸಂಗೀತ ಮೇಳಗಳಲ್ಲಿ ಒಂದಾಯಿತು. ಅಲ್ಲಿ ಒಂದು ಸಂಜೆ ಹಾಡಿ ಹೆಸರು ಮಾಡಿದ ಕಿರಿಯರಿಗೆ ಮಹಾರಾಷ್ಟ್ರದ ಬಾಗಿಲು ತೆರೆದಂತೆ.

ಈ ಎಲ್ಲ ಸಂಸ್ಥೆಗಳಿಗಿಂತ ದೊಡ್ಡ ಯಜಮಾನ ಒಬ್ಬನಿದ್ದ, ಅದು ರೇಡಿಯೋ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಹೂಡಿದ ಕತೆ ಎಲ್ಲರಿಗೂ ಗೊತ್ತು. 1950ರ ಜನವರಿಯಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ನಿಲಯಗಳು ಬಂದವು. ಅರಮನೆಯ ಬಾಗಿಲು ಮುಚ್ಚಿದ ಮೇಲೆ ತಿಂಗಳ ಸಂಬಳ ಕೊಟ್ಟ ದೊಡ್ಡ ಸಂಸ್ಥೆ ಇದು. ಆರ್.ಕೆ. ಶ್ರೀಕಂಠನ್ ದಶಕಗಳ ಕಾಲ ಆಕಾಶವಾಣಿಯಲ್ಲಿ ದುಡಿದರು, ದೊರೆಸ್ವಾಮಿ ಅಯ್ಯಂಗಾರ್ ಬೆಂಗಳೂರು ನಿಲಯದಲ್ಲಿದ್ದರು, ಮಲ್ಲಿಕಾರ್ಜುನ ಮನ್ಸೂರ್ ಧಾರವಾಡ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದರು. ನಿಲಯದ ಕಲಾವಿದರಲ್ಲಿ ಪಿಟೀಲಿನವರು, ತಬಲಾದವರು, ಅಷ್ಟೇ ಏಕೆ, ಆಹ್ವಾನಪತ್ರಿಕೆಯಲ್ಲಿ ಹೆಸರೇ ಇಲ್ಲದ ತಂಬೂರಿಯವರೂ ಇದ್ದರು. ಅವರಿಗೂ ಭವಿಷ್ಯನಿಧಿ, ಅವರಿಗೂ ರಜೆ.

ಹೊರಗಿನ ಕಲಾವಿದರಿಗೆ ರೇಡಿಯೋ ಕೊಟ್ಟದ್ದು ಶ್ರೇಣಿ. ಬಿ, ಬಿ ಹೈ, ಎ, ಟಾಪ್. ಬಿ.ವಿ. ಕೇಸ್ಕರ್ 1952ರಲ್ಲಿ ವಾರ್ತಾ ಸಚಿವರಾದ ಕಾಲದಲ್ಲಿ ಬಂದ ಆಡಿಷನ್ ಪದ್ಧತಿ ಇದು. ಹಾಡುವವರು ಯಾರೆಂದು ತೀರ್ಪುಗಾರರಿಗೆ ತಿಳಿಯಬಾರದು ಎಂಬುದು ಅದರ ಆಶಯ. ಹಿರಿಯ ವಿದ್ವಾಂಸರು ಕೆರಳಿದರು. ಮೂವತ್ತು ವರ್ಷ ಹಾಡಿದವರನ್ನು ಪರೀಕ್ಷೆಗೆ ಕೂರಿಸುವುದೇ ಎಂದು ಬಹಿಷ್ಕಾರದ ಮಾತುಗಳೂ ಕೇಳಿದವು. ಆದರೆ ಶಿಫಾರಸಿಲ್ಲದ, ದೊಡ್ಡ ಗುರುವಿನ ಹೆಸರಿಲ್ಲದ, ತುಮಕೂರಿನಲ್ಲೋ ಕಾರವಾರದಲ್ಲೋ ಕಲಿತ ಒಬ್ಬ ಹುಡುಗಿಗೆ ಬಿ ಹೈ ಶ್ರೇಣಿಯ ಪತ್ರ ಸಿಕ್ಕಿತೆಂದರೆ ಸಭೆಯ ಕಾರ್ಯದರ್ಶಿಗೆ ತೋರಿಸಲು ಕೈಯಲ್ಲಿ ಒಂದು ಕಾಗದ ಬಂತು. ಶ್ರೇಣಿಯ ಮೇಲೆಯೇ ಸಂಭಾವನೆ ನಿಗದಿಯಾಗುವುದರಿಂದ ಚೌಕಾಸಿಯ ಮುಜುಗರವೂ ಇಲ್ಲ.

ಸಂಸ್ಥೆಯ ಒಂದು ತೀರ್ಮಾನ ಎಷ್ಟು ಜನರ ಅನ್ನಕ್ಕೆ ಕಲ್ಲು ಹಾಕಬಲ್ಲುದು ಎಂಬುದಕ್ಕೂ ರೇಡಿಯೋವೇ ಸಾಕ್ಷಿ. ಭಾರತೀಯ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು 1940ರಲ್ಲಿ ಹಾರ್ಮೋನಿಯಂ ಅನ್ನು ಬಾನುಲಿಯಿಂದ ಹೊರಗಿಟ್ಟರು. ಮೂರು ದಶಕ ಆ ನಿಷೇಧ ನಡೆಯಿತು. ಬೆಳಗಾವಿಯ ಆರ್.ಕೆ. ಬಿಜಾಪುರೆಯವರಂಥ ದೊಡ್ಡ ವಾದಕರು ತಮ್ಮ ಹರಯವನ್ನೆಲ್ಲ ಈ ನಿಷೇಧದ ಕಾಲದಲ್ಲೇ ಕಳೆದರು. ಈಗ ನಿಲಯಗಳಲ್ಲಿ ನಿವೃತ್ತರಾದ ಕಲಾವಿದರ ಜಾಗ ತುಂಬುವುದೇ ಅಪರೂಪವಾಗಿದೆ. ಸಂಬಳದ ಆ ಕೊನೆಯ ಬಾಗಿಲೂ ಅರ್ಧ ಮುಚ್ಚಿದೆ.

ಸರ್ಕಾರದ ವಿದ್ಯಾರ್ಥಿವೇತನಗಳಿವೆ, ಅವುಗಳನ್ನು ಬೇಗನೆ ಹೇಳಿ ಮುಗಿಸಬಹುದು. ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ತರಬೇತಿ ಕೇಂದ್ರ ಕೊಡುವ ಪ್ರತಿಭಾ ವೇತನ, ಹದಿನೆಂಟರಿಂದ ಇಪ್ಪತ್ತೈದರವರಿಗೆ ಸಂಸ್ಕೃತಿ ಸಚಿವಾಲಯದ ಎರಡು ವರ್ಷದ ವೇತನ, ನಲವತ್ತರ ಒಳಗಿನವರಿಗೆ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ, ರಾಜ್ಯದಲ್ಲಿ ಸಂಗೀತ ನೃತ್ಯ ಅಕಾಡೆಮಿಯ ಕರ್ನಾಟಕ ಕಲಾಶ್ರೀ, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಗುರುಕುಲ. ಇದ್ದರೆ ಒಳ್ಳೆಯದೇ. ಎರಡು ವರ್ಷದ ವೇತನ ಎರಡು ವರ್ಷಕ್ಕೆ ಮುಗಿಯುತ್ತದೆ, ಸಂಗೀತ ಮುಗಿಯುವುದಿಲ್ಲ ಎಂಬುದಷ್ಟೇ ತೊಡಕು.

ಹೆಚ್ಚಿನ ಕಲಾವಿದರು ತಿರುಗಿಯೂ ನೋಡದ ಸಂಸ್ಥೆಗಳು ಬೇರೆ ಇವೆ. ಅವು ವೇದಿಕೆ ಕೊಡುವುದಿಲ್ಲ, ಶಾಲು ಹೊದಿಸುವುದಿಲ್ಲ, ಲೆಕ್ಕ ಇಡುತ್ತವೆ. ಇದರ ಮೂಲ ಒಂದು ಹೋಟೆಲಿನ ಜಗಳ. 1847ರಲ್ಲಿ ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ ಏರ್ನೆಸ್ಟ್ ಬೂರ್ಜೆ ಎಂಬ ಗೀತಕಾರ ಗೆಳೆಯರ ಜೊತೆ ಕೂತಿದ್ದಾಗ ಅಲ್ಲಿನ ವಾದ್ಯಮೇಳ ಅವರದೇ ಹಾಡುಗಳನ್ನು ನುಡಿಸತೊಡಗಿತು. ಬಿಲ್ಲು ಬಂದಾಗ ಬೂರ್ಜೆ ಕೊಡುವುದಿಲ್ಲ ಎಂದರು. ನಮ್ಮ ಹಾಡಿಗೆ ನೀವು ದುಡ್ಡು ಕೊಟ್ಟಿಲ್ಲ, ನಿಮ್ಮ ಪಾನೀಯಕ್ಕೆ ನಾವೇಕೆ ಕೊಡಬೇಕು ಎಂಬುದು ಅವರ ವಾದ. ವಿಷಯ ನ್ಯಾಯಾಲಯಕ್ಕೆ ಹೋಯಿತು, ಹಾಡು ಬರೆದವರೇ ಗೆದ್ದರು. 1851ರಲ್ಲಿ ಸಾಸೆಮ್ ಎಂಬ ಸಂಘ ಹುಟ್ಟಿತು. ಹಾಡು ಎಲ್ಲೆಲ್ಲಿ ಸಾರ್ವಜನಿಕವಾಗಿ ಕೇಳಿಬರುತ್ತದೋ ಅಲ್ಲಿಂದ ಹಣ ವಸೂಲು ಮಾಡಿ ಬರೆದವರಿಗೂ ಸ್ವರ ಹಾಕಿದವರಿಗೂ ಹಂಚುವುದು ಅದರ ಕೆಲಸ. ಇಂದಿಗೂ ಇದೆ.

ಭಾರತದಲ್ಲಿ ಆ ಕೆಲಸಕ್ಕೆಂದು 1969ರಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಬಂತು. 1977ರಲ್ಲಿ ಸುಪ್ರೀಂ ಕೋರ್ಟು ಚಿತ್ರಗೀತೆಗಳ ಹಕ್ಕಿನ ವಿಷಯದಲ್ಲಿ ನಿರ್ಮಾಪಕರ ಕಡೆ ತೀರ್ಪು ಕೊಟ್ಟಿತು. ಆ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಂದು ಅಡಿಟಿಪ್ಪಣಿ ಸೇರಿಸಿದರು: ಹಾಡನ್ನು ಬರೆದವರಿಗೆ, ಸ್ವರ ಹಾಕಿದವರಿಗೆ ಹಕ್ಕಿದೆ, ಅದಕ್ಕೆ ಜೀವ ತುಂಬುವ ಗಾಯಕರಿಗೆ ಕಾನೂನಿನಲ್ಲಿ ಏನೂ ಇಲ್ಲ, ಸಂಸತ್ತು ಇದನ್ನು ಗಮನಿಸಬೇಕು ಎಂದು. ಗಮನಿಸಲು ಹದಿನೇಳು ವರ್ಷ ಬೇಕಾಯಿತು. 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಬಂತು. ಈಗ ಅದರ ಅವಧಿ ಐವತ್ತು ವರ್ಷ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಗೀತಕಾರರು ಮತ್ತು ಸಂಗೀತ ಸಂಯೋಜಕರು ತಮ್ಮ ಪಾಲಿನ ರಾಯಧನವನ್ನು ಕಂಪನಿಗೆ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ ಎಂದಿತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಜೋರಾಗಿ ಮಾತಾಡಿದವರು ಗೀತಕಾರ ಜಾವೇದ್ ಅಖ್ತರ್. ಮರುವರ್ಷ ಗಾಯಕರು ತಮ್ಮದೇ ಸಂಘ ಕಟ್ಟಿಕೊಂಡರು, ಲತಾ ಮಂಗೇಶ್ಕರ್ ಅದಕ್ಕೆ ಬೆನ್ನೆಲುಬಾಗಿ ನಿಂತರು. ಮೊದಲು ಅದರ ಹೆಸರಿನಲ್ಲಿ ಗಾಯಕರು ಮಾತ್ರ ಇದ್ದರು. ವಾದ್ಯಗಾರರು ಆಮೇಲೆ ಸೇರಿದರು. ಇಲ್ಲೂ ಪಕ್ಕವಾದ್ಯದವರಿಗೆ ಎರಡನೆಯ ಸಾಲೇ!

ಶಾಸ್ತ್ರೀಯ ಸಂಗೀತದವರು ಇದು ಸಿನಿಮಾದವರ ವ್ಯವಹಾರ ಎಂದು ಕೈಬಿಡುವುದುಂಟು. ಅರ್ಧ ನಿಜ. ಪುರಂದರದಾಸರಿಗೂ ತ್ಯಾಗರಾಜರಿಗೂ ರಾಯಧನ ಕೊಡಬೇಕಿಲ್ಲ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು. ಕರ್ತೃವಿನ ನಿಧನದ ನಂತರ ಅರವತ್ತು ವರ್ಷ ಎಂಬ ನಿಯಮದಂತೆ 2022ರಿಂದ ಅವರ ಕೃತಿಗಳೂ ಎಲ್ಲರ ಸೊತ್ತು. ಆದರೆ ಕೃತಿ ಎಲ್ಲರದಾದರೂ ಅದನ್ನು ಹಾಡಿ ಮುದ್ರಿಸಿದ ದನಿ ಹಾಡಿದವರದೇ. ಆ ಧ್ವನಿಮುದ್ರಣ ಎಫ್‌ಎಂನಲ್ಲಿ, ಹೋಟೆಲಿನ ಪಡಸಾಲೆಯಲ್ಲಿ, ಫೋನಿನ ಆಪ್‌ನಲ್ಲಿ ವಾಣಿಜ್ಯಕ್ಕೆ ಬಳಕೆಯಾದರೆ ಪಾಲು ಕೇಳುವ ಹಕ್ಕು ಗಾಯಕಿಗೂ ಇದೆ, ಅವಳ ಹಿಂದೆ ಮೃದಂಗ ನುಡಿಸಿದವನಿಗೂ ಇದೆ.

ಸುಗಮ ಸಂಗೀತದಲ್ಲಂತೂ ಈ ಲೆಕ್ಕ ಬಿಟ್ಟರೆ ನಷ್ಟವೇ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಎಂದು ಹೆಸರಾದ 'ನಿತ್ಯೋತ್ಸವ' 1978ರದ್ದು. ಕವಿ ನಿಸಾರ್ ಅಹಮದ್, ಸಂಯೋಜನೆ ಮೈಸೂರು ಅನಂತಸ್ವಾಮಿ. ನಿಸಾರರು 2020ರಲ್ಲಿ ಹೋದರು, ಹಾಗಾಗಿ ಆ ಕವಿತೆಗಳ ಹಕ್ಕು 2080ರ ಕೊನೆಯವರೆಗೆ ಅವರ ವಾರಸುದಾರರದು. ಬೇಂದ್ರೆಯವರದು 2041ರವರೆಗೆ. ಕವಿ, ಸಂಯೋಜಕ, ಗಾಯಕ ಮೂವರಿಗೂ ಬೇರೆ ಬೇರೆ ಬಾಬ್ತು. ಈ ಸಂಘಗಳ ಸದಸ್ಯರಾಗಿ, ಪ್ರತಿ ಹಾಡಿಗೂ ಯಾರು ಬರೆದದ್ದು, ಯಾರ ಸ್ವರ, ಯಾರು ಹಾಡಿದ್ದು, ಯಾರು ಕೊಳಲು ನುಡಿಸಿದ್ದು ಎಂದು ನೋಂದಾಯಿಸಿದರಷ್ಟೇ ಹಣ ದಾರಿ ಹುಡುಕಿಕೊಂಡು ಬರುತ್ತದೆ. ಹೆಸರು ಬರೆಯದಿದ್ದರೆ ಕಂಪನಿಯ ಖಾತೆಯಲ್ಲೇ ಉಳಿಯುತ್ತದೆ. ಸಂಗೀತ ಹೇಳಿಕೊಡುವ ಶಾಲೆಗಳು ವಿದ್ವತ್ ಪರೀಕ್ಷೆಗೆ ಎಪ್ಪತ್ತೆರಡು ಮೇಳಕರ್ತ ಬಾಯಿಪಾಠ ಮಾಡಿಸುತ್ತವೆ. ಈ ಒಂದು ಅರ್ಜಿ ತುಂಬುವುದನ್ನೂ ಕಲಿಸಿದರೆ ಯಾರ ಶ್ರುತಿಯೂ ಕೆಡದು.

ವಯಸ್ಸು, ಕಾಯಿಲೆ, ಬರಗಾಲ ಇವು ಉಳಿದ ಮಾತು. ಈ ವಿಷಯದಲ್ಲಿ ಲಂಡನ್ ಹಳೆಯ ಕತೆಯೊಂದನ್ನು ಹೇಳುತ್ತದೆ. 1738ರ ಸುಮಾರಿಗೆ ಕೆಲವು ಸಂಗೀತಗಾರರು ಹೇಮ್ಯಾರ್ಕೆಟ್ ಬೀದಿಯಲ್ಲಿ ನಿಂತಿದ್ದಾಗ ಇಬ್ಬರು ಹುಡುಗರು ಹಾಲಿನ ಕತ್ತೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದರಂತೆ. ನೋಡಿದರೆ ತಮ್ಮ ಜೊತೆ ಓಬೋ ನುಡಿಸುತ್ತಿದ್ದ, ಬಡತನದಲ್ಲೇ ಸತ್ತ ಕಿಚ್ ಎಂಬ ವಾದಕನ ಮಕ್ಕಳು. ನಾಚಿದ ಆ ಗೆಳೆಯರು ದೈನ್ಯಕ್ಕೆ ಬಿದ್ದ ಸಂಗೀತಗಾರರಿಗೂ ಅವರ ಮನೆಯವರಿಗೂ ಎಂದು ನಿಧಿ ಕೂಡಿಸಿದರು. ಹ್ಯಾಂಡೆಲ್ ಮೊದಲ ವಂತಿಗೆದಾರರಲ್ಲಿ ಒಬ್ಬ. 1759ರಲ್ಲಿ ಸಾಯುವಾಗ ಸಾವಿರ ಪೌಂಡು ಬರೆದಿಟ್ಟ. ಆ ಸಂಸ್ಥೆ ಇಂದಿಗೂ ಸಂಗೀತಗಾರರ ಆಸ್ಪತ್ರೆ ಖರ್ಚಿಗೆ ಒದಗುತ್ತಿದೆ.

ಅದೇ ಊರಿನಲ್ಲಿ ಇಳಿವಯಸ್ಸಿನ ಒಬ್ಬ ಸಂಯೋಜಕನಿಗೆ ಆಸರೆಯಾದವರು ಮೈಸೂರಿನವರು. ರಷ್ಯದಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಕಾಯಿಲೆಯಿಂದ, ಮರೆವಿಗೆ ಸಂದ ಹೆಸರಿನಿಂದ ಬಳಲುತ್ತಿದ್ದಾಗ ಜಯಚಾಮರಾಜೇಂದ್ರ ಒಡೆಯರು ಮೆಟ್ನರ್ ಸೊಸೈಟಿ ಸ್ಥಾಪಿಸಿ, ಅವನದೇ ಬೆರಳುಗಳಿಂದ ಅವನ ಸಂಗೀತವನ್ನು ಎಚ್‌ಎಂವಿಯಲ್ಲಿ ಮುದ್ರಿಸುವ ವೆಚ್ಚ ವಹಿಸಿದರು. ಮೂರು ಸಂಪುಟಗಳು ಬಂದವು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. ಇಂದು ಅವನ ವಾದನವನ್ನು ಕೇಳಬಯಸುವವರಿಗೆ ಆ ಮುದ್ರಣಗಳೇ ಮುಖ್ಯ ದಾರಿ. ಮಹಾರಾಜರು ಅವನಿಗೆ ಬಿರುದು ಕೊಡಲಿಲ್ಲ, ಸನ್ಮಾನ ಮಾಡಲಿಲ್ಲ. ಅವನಿಗೆ ಬೇಕಾಗಿದ್ದುದನ್ನೇ ಮಾಡಿಕೊಟ್ಟರು.

ನಮ್ಮ ಸಂಸ್ಥೆಗಳ ಬಲಾಬಲ ಬಯಲಾದದ್ದು 2020ರಲ್ಲಿ. ಆ ವರ್ಷ ರಾಮನವಮಿ ಏಪ್ರಿಲ್ 2ಕ್ಕಿತ್ತು. ಲಾಕ್‌ಡೌನ್ ಬಂದದ್ದು ಮಾರ್ಚ್ 25ಕ್ಕೆ. ರಾಮನವಮಿಯ ಕಛೇರಿಗಳಿಗೆ ಚಪ್ಪರ ಹಾಕಬೇಕಾದ ವಾರದಲ್ಲೇ ಬೆಂಗಳೂರಿನ, ಮೈಸೂರಿನ ಕಛೇರಿಗಳೆಲ್ಲ ರದ್ದು. ಮ್ಯೂಸಿಕ್ ಅಕಾಡೆಮಿ ಆ ಡಿಸೆಂಬರಿನ ಕಛೇರಿಗಳನ್ನು ಅಂತರ್ಜಾಲದಲ್ಲೇ ನಡೆಸಿತು. ಟಿ.ಎಂ. ಕೃಷ್ಣ ಅವರ ಸುಮನಸ ಪ್ರತಿಷ್ಠಾನ ಕಲಾವಿದರಿಗಾಗಿ ನಿಧಿ ಎತ್ತಿ ಹಂಚಿತು, ಅದರಲ್ಲಿ ಜನಪದ ಕಲಾವಿದರಿಗೂ ಪಾಲಿತ್ತು. 2021ರ ಮೇ ತಿಂಗಳಿನಲ್ಲಿ ಕರ್ನಾಟಕ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿತು.

ಮೊತ್ತಕ್ಕಿಂತ ತೊಡಕಾದದ್ದು ಪಟ್ಟಿ. ತಾನು ಕಲಾವಿದ ಎಂದು ತೋರಿಸುವುದು ಹೇಗೆ? ರೇಡಿಯೋ ಶ್ರೇಣಿಯ ಪತ್ರ, ಅಕಾಡೆಮಿಯ ಪ್ರಶಸ್ತಿ, ಸಭೆಯ ಆಹ್ವಾನಪತ್ರಿಕೆ ಇದ್ದವರ ಬಳಿ ಕಾಗದವಿತ್ತು. ಮದುವೆಗೆ, ದೇವರ ಉತ್ಸವಕ್ಕೆ ನಾಗಸ್ವರ ಊದುವ, ಡೋಲು ಬಾರಿಸುವ ಓಲಗದವರಿಗೆ ಬೇಸಗೆಯ ಮದುವೆ ಕಾಲವೇ ವರ್ಷದ ಆದಾಯ, ಅದೂ ಎರಡು ವರ್ಷ ಕೈತಪ್ಪಿತ್ತು. ಸಭೆಗಳ ಉದ್ಘಾಟನೆಯ ದಿನ ಮೊದಲು ನುಡಿಸುವವರು ಅವರೇ. ಅವರಿಗೆ ಸಭೆಯ ಸದಸ್ಯತ್ವವಿರುವುದಿಲ್ಲ, ವಾರ್ಷಿಕ ಕಛೇರಿಯಿರುವುದಿಲ್ಲ, ಮೊಬೈಲಿನಲ್ಲಿ ಮುಂಗಡ ಕೊಟ್ಟವರ ನಂಬರುಗಳಷ್ಟೇ ಇರುತ್ತವೆ. ಅವರ ಹೆಸರು ಬರೆದಿಟ್ಟುಕೊಳ್ಳುವ ಕೆಲಸವನ್ನು ಬೆಂಗಳೂರಿನ ಯಾವ ಹಳೆಯ ಸಭೆ ಬೇಕಾದರೂ ಈ ವಾರವೇ ಶುರು ಮಾಡಬಹುದು, ಅದಕ್ಕೆ ದಾನಿಗಳೂ ಬೇಕಿಲ್ಲ.